ಅಮಾನತಾದ ಕಾರ್ಡು

ಆ ಬೇಸಿಗೆಯಲ್ಲಿ ನನ್ನನ್ನು ದಿನವೂ ತಪ್ಪದೆ ಹೊಗಳುತ್ತಿದ್ದದ್ದು ನನ್ನ ಫೋನ್ ಒಂದೇ. ‘ಅಭಿನಂದನೆಗಳು, ಇಂದಿನ ಕಾರ್ಡುಗಳು ಮುಗಿದವು’ ಎಂದು ಅದು ಹೇಳುತ್ತಿತ್ತು. ಮರುದಿನ ಅಣಕು ಪರೀಕ್ಷೆ ಬರೆದರೆ ಅಂಕ ಮಾತ್ರ ಹೂತಿಟ್ಟ ಗೂಟದ ಹಾಗೆ ಅಲ್ಲೇ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಆ ಹೊಗಳಿಕೆ ಕಂಡರೇ ಹೆದರಿಕೆಯಾಗತೊಡಗಿತು.

ನಾನು ಮತ್ತು ನನ್ನ ಗೆಳತಿ ಗಂಗಾವತಿಯಲ್ಲಿ ಬಾಡಿಗೆ ಕೋಣೆ ಹಿಡಿದು ಪರವಾನಗಿ ಪರೀಕ್ಷೆಗೆ ಓದುತ್ತಿದ್ದೆವು. ಇಬ್ಬರು ಹುಡುಗಿಯರೂ ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು. ಅಂಥವರು ಇಲ್ಲಿ ರೋಗಿಯ ನಾಡಿ ಹಿಡಿಯಬೇಕಾದರೆ ಮೊದಲು ಆ ಪರೀಕ್ಷೆ ದಾಟಬೇಕು, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು, ಅದಾದ ಮೇಲೆ ಸ್ನಾತಕೋತ್ತರ ಪ್ರವೇಶದ ಪರೀಕ್ಷೆ ಬಾಯಿ ತೆರೆದು ನಿಂತಿರುತ್ತದೆ. ನಾವು ಮೊದಲನೆಯದರಲ್ಲೇ ಒಮ್ಮೆ ಮುಗ್ಗರಿಸಿದ್ದೆವು. ಹೊರದೇಶದ ಹಾಸ್ಟೆಲಿನಲ್ಲಿ ನಮ್ಮ ಕಡೆಯವರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ಆ ರೂಢಿ ಇಲ್ಲಿಗೂ ಬಂತು. ಅವಳು ನವಲಿ, ನಾನು ಕುಷ್ಟಗಿ. ಅವಳ ಮನೆಯವರದು ಭತ್ತದ ಬೇಸಾಯ, ನನ್ನಪ್ಪನದು ಕುಷ್ಟಗಿ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ.

ಕಾರ್ಡು ಎಂದರೆ ಫೋನಿನ ಆ್ಯಪಿನಲ್ಲಿರುವ ಪ್ರಶ್ನೆ-ಉತ್ತರದ ಚೀಟಿ. ಮೊದಲು ಪ್ರಶ್ನೆ ಕಾಣುತ್ತದೆ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ತಟ್ಟಿದರೆ ಹಿಂಬದಿಯ ಉತ್ತರ ತೆರೆಯುತ್ತದೆ. ಕೆಳಗೆ ನಾಲ್ಕು ಗುಂಡಿಗಳು: ಮತ್ತೆ, ಕಷ್ಟ, ಸರಿ, ಸುಲಭ. ‘ಸುಲಭ’ ಒತ್ತಿದರೆ ಆ ಕಾರ್ಡು ಬಹಳ ದಿನ ನಮ್ಮ ಕಡೆ ತಲೆ ಹಾಕುವುದಿಲ್ಲ. ‘ಮತ್ತೆ’ ಒತ್ತಿದರೆ ಅಂದೇ ಮರಳುತ್ತದೆ, ನಾಳೆಯೂ ಬರುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವುದೇ ಅದರ ಕಸುಬು.

ಮೊದಲ ಸಲ ಬರೆದಾಗ ನಾವು ವಿಷಯಕ್ಕೊಂದು ಕಟ್ಟು ಮಾಡಿಕೊಂಡಿದ್ದೆವು. ಔಷಧಶಾಸ್ತ್ರದ್ದು ಬೇರೆ, ಮಕ್ಕಳ ರೋಗದ್ದು ಬೇರೆ, ವಿಷವೈದ್ಯದ್ದು ಬೇರೆ. ನೋಡಲು ಬಹಳ ಚಂದ ಇತ್ತು. ಆದರೆ ಕಟ್ಟಿನ ಹೆಸರು ನೋಡಿದ ಕೂಡಲೇ ಅರ್ಧ ಉತ್ತರ ಹೊಳೆದುಬಿಡುತ್ತಿತ್ತು. ಪರೀಕ್ಷೆಯಲ್ಲಿ ಯಾರೂ ಕಟ್ಟಿನ ಹೆಸರು ಹೇಳಿ ಪ್ರಶ್ನೆ ಕೇಳುವುದಿಲ್ಲವಲ್ಲ. ಫೇಲಾದ ಮೇಲೆ ಎಲ್ಲವನ್ನೂ ಒಂದೇ ರಾಶಿಗೆ ಸುರಿದೆವು. ವಿಷಯ, ಅಂಗ, ಯಾವ ಪರೀಕ್ಷೆಗೆ ಬೇಕು ಎಂಬುದನ್ನೆಲ್ಲ ಒಂದೊಂದು ಕಾರ್ಡಿನ ಬೆನ್ನಿಗೆ ಗುರುತಾಗಿ ಅಂಟಿಸಿದೆವು. ಮುಂದಿನ ಪರೀಕ್ಷೆಗೂ ಇದೇ ರಾಶಿ ಸಾಕು, ಗುರುತು ಬದಲಿಸಿದರಾಯಿತು ಎಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ಆಗಲೂ ಅಂಕ ಏರಲಿಲ್ಲ.

ಒಂದು ಮಧ್ಯಾಹ್ನ ಅಣಕು ಪರೀಕ್ಷೆಯಲ್ಲಿ ತಪ್ಪಿದ ಪ್ರಶ್ನೆಗಳನ್ನು ಹಿಡಿದು, ಅವುಗಳ ಕಾರ್ಡು ಯಾಕೆ ಇತ್ತೀಚೆಗೆ ಬಂದೇ ಇಲ್ಲ ಎಂದು ಹುಡುಕಲು ಕುಳಿತೆ. ಕಾರ್ಡುಗಳು ಇದ್ದವು. ಆದರೆ ಒಂದೊಂದರ ಮೇಲೂ ಹಳದಿ ಬಣ್ಣ ಬಳಿದಿತ್ತು. ಪಕ್ಕದಲ್ಲಿ ಎರಡು ಪದ: ‘ಜಿಗಣೆ’, ‘ಅಮಾನತು’.

ನಾವಿಬ್ಬರೂ ಆ್ಯಪಿನ ನಿಯಮ ಓದಿದ್ದು ಅಂದೇ. ಒಂದು ಕಾರ್ಡನ್ನು ಪದೇ ಪದೇ ತಪ್ಪಿದರೆ ಅದು ಜಿಗಣೆಯಂತೆ. ನಮ್ಮ ಹೊತ್ತನ್ನು ಹೀರುತ್ತದೆ ಎಂದು ಆ್ಯಪು ಅದನ್ನು ತಾನೇ ಅಮಾನತು ಮಾಡಿ ಮೂಲೆಗೆ ಸರಿಸುತ್ತದೆ. ಹಾಗೆ ಮಾಡುವಾಗ ಒಂದು ಸಣ್ಣ ಸಾಲು ಮೂಡಿ ಮಾಯವಾಗುತ್ತದೆ. ಬಸ್ಸಿನಲ್ಲಿ ಕುಳಿತು ಹೆಬ್ಬೆರಳು ಓಡಿಸುವವರಿಗೆ ಅದು ಎಲ್ಲಿ ಕಾಣಬೇಕು? ಅಂದರೆ ನಮಗೆ ಬಾರದ್ದೆಲ್ಲ ಒಂದೊಂದಾಗಿ ಕಣ್ಮರೆಯಾಗಿತ್ತು. ಬರುವುದು ಮಾತ್ರ ಉಳಿದಿತ್ತು, ಅದಕ್ಕೇ ಆ ಅಭಿನಂದನೆ.

ಗೆಳತಿ ತನ್ನ ಫೋನನ್ನೂ ತೆಗೆದು ನೋಡಿದಳು. ಅವಳಲ್ಲೂ ಹೆಚ್ಚುಕಡಿಮೆ ಅವೇ ಕಾರ್ಡುಗಳು. ಕೀಟನಾಶಕ ಕುಡಿದವರ ಚಿಕಿತ್ಸೆ, ಹುಟ್ಟಿದೊಡನೆ ಅಳದ ಕೂಸು, ಹಾವು ಕಡಿತ. ನಮ್ಮ ಸೀಮೆಯ ಆಸ್ಪತ್ರೆಗಳಿಗೆ ಬೆಳಗಾದರೆ ಬರುವಂಥವೇ. ಇವಿಷ್ಟನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಲ್ಲ ಡಾಕ್ಟರುಗಳು ನಾವಾಗಲಿದ್ದೆವು.

“ಮುಚ್ಚಿಡು ಲೇ ಕುಷ್ಟಗಿ,” ಎಂದಳು ಅವಳು. “ಪರೀಕ್ಷಾ ಬಾಗಿಲಿಗೆ ಬಂದೈತಿ. ಈಗ ಇವನ್ನೆಲ್ಲಾ ಬಿಚ್ಚಿದ್ರ ರಾಶಿ ನಮ್ಮ ಮ್ಯಾಲ ಬಿದ್ದು ಸಾಯ್ತೀವಿ.”

“ಬಿಚ್ಚಲಿಲ್ಲಾಂದ್ರ ಯಾರರ ಸಾಯ್ತಾರ,” ಎಂದೆ. ಬಾಯಿಗೆ ಬಂದದ್ದನ್ನು ಆಡಿಬಿಡುವುದು ನನ್ನ ಹುಟ್ಟುಗುಣ. ಆಮೇಲೆ ಅವಳೇ ಮೊದಲ ಕಾರ್ಡಿನ ಅಮಾನತು ತೆಗೆದಳು.

ಸುಮ್ಮನೆ ಬಿಚ್ಚಿದರೆ ಅವು ಮತ್ತೆ ಜಿಗಣೆಯಾಗುತ್ತವೆ. ತಪ್ಪುವುದಕ್ಕೆ ಕಾರಣ ಕಾರ್ಡಿನಲ್ಲೇ ಇತ್ತು. ಹಾವಿನ ಕಾರ್ಡನ್ನೇ ನೋಡಿ: ಯಾರೋ ಮಾಡಿ ಹಂಚಿದ ಇಂಗ್ಲಿಷ್ ಕೋಷ್ಟಕ. ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲದ ಹಾವು, ನಾಲ್ಕರ ವಿಷ, ಲಕ್ಷಣ, ಪರೀಕ್ಷೆ, ಚಿಕಿತ್ಸೆ ಎಲ್ಲ ಒಂದೇ ಉತ್ತರದಲ್ಲಿ. ಒಂದು ಮನೆ ಖಾಲಿ ಬಿಟ್ಟರೂ ‘ಮತ್ತೆ’ ಒತ್ತಬೇಕು. ಅದನ್ನು ತುಂಡು ತುಂಡು ಮಾಡಿದೆವು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ.

ಅಷ್ಟಾದರೂ ತಲೆಗೆ ಹತ್ತದವಕ್ಕೆ ಗೆಳತಿ ಒಂದು ಉಪಾಯ ಹೂಡಿದಳು. ಪ್ರಶ್ನೆಯನ್ನು ಪುಸ್ತಕದ ಮಾತಿನಲ್ಲಿ ಬರೆಯದೆ, ರೋಗಿ ಬಂದು ಹೇಳುವ ಹಾಗೆ ತನ್ನದೇ ದನಿಯಲ್ಲಿ ಕಾರ್ಡಿಗೆ ಧ್ವನಿಮುದ್ರಿಸುವುದು. ಅವಳಿಗೆ ನಾಟಕದ ಹುಚ್ಚು. ನರಳುತ್ತಾ, ಕೆಮ್ಮುತ್ತಾ, ಒಮ್ಮೆ ಮುದುಕಿಯಾಗಿ, ಒಮ್ಮೆ ಬಾಣಂತಿಯಾಗಿ ಹೇಳುತ್ತಿದ್ದಳು. ನಾನು ನಗು ತಡೆಯಲಾಗದೆ ಎಷ್ಟೋ ಮುದ್ರಣ ಕೆಡಿಸಿದೆ. ಕಟ್ಟುಹಾವಿನ ಕಾರ್ಡಿಗೆ ಅವಳು ಹೀಗೆ ಹೇಳಿದ್ದಳು:

“ನೆಲದ ಮ್ಯಾಲ ಮಲಗಿದ್ನಿರಿ. ಮುಂಜಾನಿ ಎದ್ದಾಗಿಂದ ಹೊಟ್ಟಿ ಭಾಳ ನೋಯಾಕತ್ತೈತಿ. ಕಣ್ಣು ತೆರಿಯಾಕ ಆಗವಲ್ದು. ಏನೂ ಕಡದಿಲ್ರಿ, ಗಾಯ ಇಲ್ಲ.” ಉತ್ತರ: “ಕಟ್ಟುಹಾವು. ಕಡದ ಗುರುತು ಹುಡುಕ್ತ ಕೂಡಬ್ಯಾಡ್ರಿ.”

ಅದರ ಬೆನ್ನಿಗೇ ಇನ್ನೊಂದು ಕಾರ್ಡು. ಪ್ರಶ್ನೆ: “ಕಟ್ಟುಹಾವು ಕಡದಾಕಿ ಮಷಿನ್ ಮ್ಯಾಲ ಅದಾಳ. ಕೈಕಾಲು ಅಲುಗಂಗಿಲ್ಲ. ಕಣ್ಣಾಗ ಬ್ಯಾಟರಿ ಹಿಡದ್ರೂ ಏನೂ ಆಗವಲ್ದು. ಏನಂತೀರಿ ಡಾಕ್ಟರ್ರ?” ಉತ್ತರ: “ಸತ್ತಾಂಗ ಕಾಣ್ತಾರ, ಸತ್ತಿರಂಗಿಲ್ಲ. ಎಲ್ಲಾ ಕೇಳಸ್ತಿರ್ತೈತಿ. ಮಷಿನ್ ತಗೀಬ್ಯಾಡ್ರಿ. ಕಾಯ್ರಿ.”

ಪರೀಕ್ಷೆಗೆ ವಾರವಿದ್ದಾಗ ನಮ್ಮ ಕೋಣೆಯ ಪಕ್ಕದ ಮಂಗಲ ಕಾರ್ಯಾಲಯದಲ್ಲಿ ಮದುವೆಗಳು ಸಾಲುಗಟ್ಟಿದವು. ಧ್ವನಿವರ್ಧಕದ ಕಾಟಕ್ಕೆ ತಲೆ ಸಿಡಿಯತೊಡಗಿತು. ಗಂಟುಮೂಟೆ ಕಟ್ಟಿ ಗೆಳತಿಯ ಊರಾದ ನವಲಿಗೆ ಹೋದೆವು. ಬೇಸಿಗೆ ಬೆಳೆಯ ಕೊಯ್ಲು ಮುಗಿದು ಹಿತ್ತಲಲ್ಲಿ ಹುಲ್ಲಿನ ಬಣವೆ ನಿಂತಿತ್ತು. ಮೊದಲ ಮಳೆ ಬಿದ್ದು ನೆಲ ಹಬೆಯಾಡುತ್ತಿತ್ತು. ಅವಳ ಕೋಣೆಯಲ್ಲಿ ಇದ್ದದ್ದು ಒಂದೇ ಮಂಚ. ಅತಿಥಿಗೆ ಮಂಚ, ಮನೆಯವರಿಗೆ ನೆಲ. ಆ ಮನೆಯಲ್ಲಿ ಅದಕ್ಕೆ ಚರ್ಚೆಯೇ ಇಲ್ಲ.

“ನೀ ಮ್ಯಾಲ ಮಲಗವ್ವಾ. ಆಕಿಗಿ ನೆಲಾನೇ ಸುಖ,” ಎಂದರು ಅವಳ ತಾಯಿ. ಗೆಳತಿ ಚಾಪೆ ಹಾಸಿ, ಫ್ಯಾನಿನ ಗಾಳಿ ಬರುವ ಕಡೆ ಕಾಲು ಚಾಚಿ ಮಲಗಿದಳು. ಕಿಟಕಿಯಾಚೆ ಬಣವೆಯಲ್ಲಿ ಇಲಿಗಳು ಸರಬರ ಎನ್ನುತ್ತಿದ್ದವು. ಇಲಿ ಇದ್ದಲ್ಲಿಗೆ ಏನು ಬರುತ್ತದೆ ಎಂಬ ಕಾರ್ಡೂ ನಮ್ಮ ರಾಶಿಯಲ್ಲಿತ್ತು. ನಾನು ಅದನ್ನು ನೆನೆಯದೆ ಸುಖವಾಗಿ ನಿದ್ದೆ ಹೋದೆ.

ಬೆಳಗು ಹರಿಯುವಾಗ ಅವಳು ವಾಂತಿ ಮಾಡುವ ಸದ್ದಿಗೆ ಎಚ್ಚರವಾಯಿತು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತಿದ್ದಳು.

“ಏನಾತ?”

“ಹೊಟ್ಟಿ ನೋಯಾಕತ್ತೈತಿ. ಟೆನ್ಶನ್ ಇರಬೇಕ ಬಿಡು.”

ನಾನೂ ಹಾಗೇ ಅಂದುಕೊಂಡೆ. ಪರೀಕ್ಷೆಯ ಮುಂಚೆ ಅವಳಿಗೆ ಹೊಟ್ಟೆ ಕೆಡುವುದು ಹೊಸದೇನಲ್ಲ. ತಾಯಿ ಓಮಿನಕಾಳು ಕುದಿಸಿದ ನೀರು ತಂದರು. ಅವಳು ಒಂದು ಗುಟುಕು ಕುಡಿದಳು, ಅದು ಮೂಗಿನಿಂದ ಹೊರಬಂತು. ನಕ್ಕಳು. ನಗು ಮುಖದ ತುಂಬ ಹರಡಲಿಲ್ಲ. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು.

“ನಿದ್ದಿ ಆಗಿಲ್ಲೇನ?” ಎಂದೆ.

“ಆಗೈತಿ. ಕಣ್ಣು ತೆರಿಯಾಕ ಆಗವಲ್ದು,” ಎಂದಳು. ಮಾತು ಮೂಗಿನಲ್ಲಿ ಬಂತು. “ಫ್ಯಾನ್ ಎರಡು ಕಾಣಾಕತ್ತಾವು ನೋಡು.”

ಹೊಟ್ಟೆ, ಕಣ್ಣು ಎಂಬ ಆ ಮಾತನ್ನು ನಾನು ಆ ವಾರವೆಲ್ಲ ಕಾರ್ಡಿನಲ್ಲಿ ದಿನಕ್ಕೊಮ್ಮೆ ಕೇಳಿದ್ದೆ, ಅದೇ ದನಿಯಲ್ಲಿ. ಅವಳಿಗೂ ಹೊಳೆದಿರಬೇಕು. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ನನ್ನನ್ನೇ ನೋಡಿದಳು. ನಾನು ಅವಳ ಕಾಲು, ಕೈ, ಕಿವಿಯ ಹಿಂದೆಲ್ಲ ಹುಡುಕಿದೆ. ಒಂದು ಚುಕ್ಕೆಯೂ ಇಲ್ಲ. ಗುರುತು ಹುಡುಕುತ್ತ ಕೂರಬೇಡ ಎಂದು ನಾವೇ ಬರೆದದ್ದು ನೆನಪಾಗಿ ಎದ್ದು ನಿಂತೆ.

“ಅಣ್ಣಾರ, ಗಾಡಿ ತಗೀರಿ! ಕಟ್ಟುಹಾವು ಕಡದೈತಿ!” ಎಂದು ಅವಳ ಅಣ್ಣನನ್ನು ಕೂಗಿದೆ.

“ಹಾವು ಎಲ್ಲೈತ್ರಿ?” ಎಂದು ಅವರು ಕೋಲು ಹಿಡಿದು ಬಂದರು. ಹಾವು ಬೇಡ, ಗಾಡಿ ಬೇಕು ಎಂದು ಕಿರುಚಿದೆ. ಗಂಗಾವತಿಯವರೆಗೂ ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಎಂಜಲು ಇಳಿಯದಂತೆ ಗಲ್ಲ ಹಿಡಿದುಕೊಂಡು, ಉಸಿರು ನೋಡುತ್ತ ಕುಳಿತೆ. ಎದೆ ಏಳುವುದು ಕಡಿಮೆಯಾಗುತ್ತಾ ಬಂತು.

ಮೊದಲು ಹೋದ ಆಸ್ಪತ್ರೆಯ ಡಾಕ್ಟರು ಕಡಿದ ಗುರುತು ಎಲ್ಲಿ ಎಂದು ಕೇಳಿದರು. ಇಲ್ಲವೆಂದೆ. ಗಾಜಿನ ಕೊಳವೆಯಲ್ಲಿ ರಕ್ತ ಇಟ್ಟು ನೋಡಿದರು, ಸರಿಯಾಗಿ ಹೆಪ್ಪುಗಟ್ಟಿತು. ಕಟ್ಟುಹಾವಿನಲ್ಲಿ ರಕ್ತ ಕೆಡುವುದಿಲ್ಲ ಸರ್, ರೆಪ್ಪೆ ನೋಡಿ ಎಂದೆ. ಪುಣ್ಯಾತ್ಮ, ನೀನ್ಯಾರು ಕೇಳುವವಳು ಎನ್ನಲಿಲ್ಲ. ರೆಪ್ಪೆ ನೋಡಿದರು, ಮೇಲಕ್ಕೆ ನೋಡಲು ಹೇಳಿದರು, ಕೂಡಲೇ ವಿಷಕ್ಕೆ ಮದ್ದು ಶುರುಮಾಡಿಸಿದರು. ನರಗಳಿಗೆ ಕೊಡುವ ಇಂಜೆಕ್ಷನ್ನನ್ನೂ ಕೊಟ್ಟು ನೋಡಿದರು, ರೆಪ್ಪೆ ಏಳಲಿಲ್ಲ. ಉಸಿರು ಸೋಲುತ್ತಿದ್ದಂತೆ ಗಂಟಲಿಗೆ ಕೊಳವೆ ಇಳಿಸಿ, ವೆಂಟಿಲೇಟರ್ ಇದ್ದ ಬೇರೊಂದು ಆಸ್ಪತ್ರೆಗೆ ಕಳಿಸಿದರು.

ಮರುದಿನ ಅವಳ ಮೈಯಲ್ಲಿ ಒಂದು ಎಳೆಯಷ್ಟೂ ಅಲುಗಾಟವಿರಲಿಲ್ಲ. ಚಿವುಟಿದರೆ ಇಲ್ಲ, ಕರೆದರೆ ಇಲ್ಲ. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ದೊಡ್ಡದಾಗಿ ಹಾಗೇ ಇತ್ತು. ಹಿರಿಯ ಡಾಕ್ಟರು ಊರಲ್ಲಿರಲಿಲ್ಲ. ನನ್ನ ವಯಸ್ಸಿನವನೇ ಆದ ಡ್ಯೂಟಿ ಡಾಕ್ಟರ್ ಮನೆಯವರನ್ನು ಕರೆದು, “ರೆಸ್ಪಾನ್ಸ್ ಇಲ್ರಿ. ಈಗ ಏನೂ ಹೇಳಾಕ ಬರಂಗಿಲ್ಲ. ಮುಂದ ನಿಮ್ಮ ಇಷ್ಟ,” ಎಂದ.

ನಮ್ಮ ಕಡೆ ಡಾಕ್ಟರ್ ‘ನಿಮ್ಮ ಇಷ್ಟ’ ಎಂದರೆ ಜನ ಕೇಳಿಸಿಕೊಳ್ಳುವುದು ಒಂದೇ ಅರ್ಥವನ್ನು. ಉಸಿರಿರುವಾಗಲೇ ಮನೆಗೆ ಒಯ್ಯಬೇಕು, ಕೊನೆಯ ನೀರು ಮನೆಯವರ ಕೈಯಿಂದಲೇ ಬೀಳಬೇಕು. ಹೊರಗೆ ಸತ್ತ ಹೆಣವನ್ನು ಒಳಗೆ ತರುವುದಿಲ್ಲ ಎನ್ನುವ ಮನೆತನಗಳಿವೆ, ಇವರದೂ ಅಂಥದ್ದೇ. ಮಧ್ಯಾಹ್ನದೊಳಗೆ ಅವಳ ಕಾಕಾ ಗಾಡಿ ಗೊತ್ತು ಮಾಡಿದರು. ನವಲಿಯಲ್ಲಿ ಅಂಗಳ ಗುಡಿಸಿ ಜಾಗ ಮಾಡಿದ್ದಾರೆ ಎಂದು ಯಾರೋ ಫೋನಿನಲ್ಲಿ ಹೇಳುವುದು ನನಗೂ ಕೇಳಿಸಿತು.

ನಾನು ಡ್ಯೂಟಿ ಡಾಕ್ಟರನ ಬಳಿ ಓಡಿದೆ. ಕಟ್ಟುಹಾವಿನ ವಿಷ ಮಿದುಳು ಸತ್ತಂತೆ ತೋರಿಸುತ್ತದೆ, ಕಾಯಬೇಕು ಎಂದೆ. ಅವನು ಕತ್ತು ಆಡಿಸಿದ. “ಇರಬಹುದ್ರಿ. ಸರ್ ಬಂದು ನೋಡ್ಲಿ ಅಂತ ನಾನೂ ಅಂತೀನಿ. ಆದ್ರ ಅವರು ಸಹಿ ಮಾಡಿ ಒಯ್ತೀವಿ ಅಂದ್ರ ನಾ ಹೆಂಗ ತಡೀಲಿ?”

ವರಾಂಡದಲ್ಲಿ ಅವಳ ಅಪ್ಪ ಕಂಬಕ್ಕೆ ಆತು ಕುಳಿತಿದ್ದರು. ಸಹಿಗೆಂದು ಯಾರೋ ಕೈಗೆ ಪೆನ್ನು ಕೊಟ್ಟಿದ್ದರು. ನಾನು ಅವರೆದುರು ಕುಳಿತೆ.

“ಒಯ್ಯಬ್ಯಾಡ್ರಿ ಅಪ್ಪಾರ. ಆಕಿಗಿ ಜೀವ ಐತಿ.”

“ತಂಗಿ, ನೀ ಇನ್ನೂ ಡಾಕ್ಟರ್ ಆಗಿಲ್ಲಲ್ಲ?” ಎಂದರು ಕಾಕಾ. ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಲು ಕೇಳಿದ್ದರು.

“ಇಲ್ರಿ ಕಾಕಾ.”

“ಮತ್ತ ಯಾವ ಧೈರ್ಯದ ಮ್ಯಾಲ ಹೇಳ್ತಿ? ಇಲ್ಲೇ ಏನರ ಆದ್ರ, ಹುಡುಗಿ ಮನಿ ಸೈತ ಸೇರಂಗಿಲ್ಲ.”

ಎರಡು ವಾರದ ಹಿಂದೆ ಕೇಳಿದ್ದರೆ ಈ ಪ್ರಶ್ನೆಗೆ ನನಗೂ ‘ಒಯ್ರಿ’ ಎಂದೇ ಅನಿಸುತ್ತಿತ್ತೇನೋ. ಪುಸ್ತಕ ತೆಗೆದು ತೋರಿಸಿದರೆ ಅದು ಇಂಗ್ಲಿಷಿನದು. ನಾನು ಹೇಳಿದರೆ ಅದು ಫೇಲಾದವಳ ಮಾತು. ಫೋನ್ ತೆಗೆದು ಆ ಕಾರ್ಡು ಹುಡುಕಿದೆ, ದನಿ ಜೋರು ಮಾಡಿ ಅವಳ ಅಪ್ಪನ ಕಿವಿಯ ಹತ್ತಿರ ಹಿಡಿದೆ.

“ಕಟ್ಟುಹಾವು ಕಡದಾಕಿ ಮಷಿನ್ ಮ್ಯಾಲ ಅದಾಳ. ಕೈಕಾಲು ಅಲುಗಂಗಿಲ್ಲ...”

ಅವರು ಬೆಚ್ಚಿ ತೀವ್ರನಿಗಾ ಘಟಕದ ಬಾಗಿಲ ಕಡೆ ನೋಡಿದರು. ನಾನು ಉತ್ತರ ತೆರೆದೆ.

“ಸತ್ತಾಂಗ ಕಾಣ್ತಾರ, ಸತ್ತಿರಂಗಿಲ್ಲ. ಎಲ್ಲಾ ಕೇಳಸ್ತಿರ್ತೈತಿ. ಮಷಿನ್ ತಗೀಬ್ಯಾಡ್ರಿ. ಕಾಯ್ರಿ.” ಅದರ ಹಿಂದೆ ನನ್ನ ನಗು, “ಏ, ನಗಬ್ಯಾಡಲೇ ಕುಷ್ಟಗಿ” ಎಂಬ ಅವಳ ಗದರಿಕೆ. ಅದನ್ನು ಕತ್ತರಿಸುವುದು ನಮಗೆ ಮರೆತುಹೋಗಿತ್ತು.

“ಇದು ಯಾವಾಗಿಂದು?” ಎಂದರು.

“ಹೋದ ವಾರದ್ದರಿ. ಆಕಿನೇ ಓದಿ, ಆಕಿನೇ ಹೇಳಿದ್ದು.”

“ಇನ್ನೊಮ್ಮೆ ಹಚ್ಚು.”

ಹಚ್ಚಿದೆ. ಕೇಳಿ ಮುಗಿದ ಮೇಲೆ ಅವರು ಪೆನ್ನನ್ನು ತಮ್ಮನ ಕೈಗೆ ಕೊಟ್ಟರು. “ಗಾಡಿ ತಿರುಗಿಸಿ ಕಳಸು,” ಎಂದರು. “ಮಗಳು ಕಾಯ್ರಿ ಅಂದಾಳ.”

ಕಾಕಾ ಪೆನ್ನನ್ನು ಕಿಸೆಗೆ ಹಾಕಿಕೊಂಡು ಗಾಡಿಯ ಕಡೆ ನಡೆದರು. ಸಂಜೆ ಹಿರಿಯ ಡಾಕ್ಟರು ಬಂದು ನೋಡಿ, ಈ ಹಾವಿನಲ್ಲಿ ಹೀಗಾಗುವುದುಂಟು, ತಿಳಿದು ಕಾದದ್ದು ಒಳ್ಳೆಯದಾಯಿತು ಎಂದರು. ಆದರೂ ಭರವಸೆ ಕೊಡಲಿಲ್ಲ. ಮುಂದಿನ ದಿನಗಳಲ್ಲಿ ಯಂತ್ರದ ಸದ್ದು ಸ್ವಲ್ಪ ಬದಲಾದರೂ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ತಾಯಿ ನನ್ನ ಜೊತೆ ಮಾತು ಬಿಟ್ಟರು. ಮಂಚದ ಮೇಲೆ ಮಲಗಿದ್ದವಳು ನಾನಲ್ಲವೇ? ಅವರು ಹಾಗೆ ಅಂದುಕೊಂಡರೋ ಇಲ್ಲವೋ, ನನಗಂತೂ ಅವರ ಮುಖ ನೋಡಿದಾಗೆಲ್ಲ ಅದೇ ಅನಿಸುತ್ತಿತ್ತು. ಕಾರ್ಡು ಸುಳ್ಳಾದರೆ ಒಬ್ಬ ತಂದೆ ಮಗಳ ಕೊನೆಯ ಮಾತನ್ನು ತಪ್ಪಾಗಿ ನಂಬಿದಂತಾಗುತ್ತದೆ, ನಂಬಿಸಿದವಳು ನಾನು.

ಅವಳ ಕಾಲಿನ ಹೆಬ್ಬೆರಳು ಅಲುಗಿದ್ದನ್ನು ಮೊದಲು ಕಂಡದ್ದು ಅವಳ ಅಪ್ಪ. ನರ್ಸ್ ನಂಬಲಿಲ್ಲ. “ಮತ್ತ ಅಲುಗಸು ನನ್ನವ್ವಾ,” ಎಂದು ಅವರು ಪಾದ ಹಿಡಿದು ಬೇಡಿಕೊಂಡರು. ಅಲುಗಿಸಿದಳು. ತಾಯಿ ಅಲ್ಲೇ ನನ್ನ ತೋಳು ಹಿಡಿದುಕೊಂಡರು. ಆಮೇಲೆ ಹುಬ್ಬು, ಬೆರಳು, ಕೊನೆಗೆ ರೆಪ್ಪೆ.

ಈ ನಡುವೆ ನಾನು ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಬಂದಿದ್ದೆ. ಹಾವಿನ ಪ್ರಶ್ನೆ ಬರಲೇ ಇಲ್ಲ. ಪಾಸಾದೆ. ಆ ಸುದ್ದಿಯನ್ನು ಗೆಳತಿಗೆ ಹೇಳಲು ನನಗೆ ನಾಚಿಕೆಯಾಯಿತು. ಗಂಟಲ ಕೊಳವೆ ತೆಗೆದ ಮೇಲೆ ಅವಳ ದನಿ ಗೊಗ್ಗರಾಗಿತ್ತು.

“ಎಲ್ಲಾ ಕೇಳಸ್ತಿತ್ತಲೇ,” ಎಂದಳು. “ಡ್ಯೂಟಿ ಡಾಕ್ಟರ್ ರೆಸ್ಪಾನ್ಸ್ ಇಲ್ಲ ಅಂದದ್ದು, ಬಾಗಲಾಗ ಕಾಕಾ ಗಾಡಿ ಬಂತು ಅಂದದ್ದು. ಒದರಬೇಕ ಅಂದ್ರ ನಾಲಿಗಿ ನನ್ನದಲ್ಲ. ಆಮ್ಯಾಲ ಹೊರಗ ನನ್ನ ದನಿನ ಕೇಳಿಸ್ತು. ಸತ್ತೆ, ನನ್ನ ದೆವ್ವ ಮಾತಾಡಾಕತ್ತೈತಿ ಅನಕೊಂಡೆ. ನೀ ನಕ್ಕದ್ದು ಕೇಳಿದ ಮ್ಯಾಲ, ಇಲ್ಲ, ಇದು ಕಾರ್ಡು ಅಂತ ಗೊತ್ತಾತು.”

ಅವಳು ಮನೆಗೆ ಬಂದ ಮೇಲೆ ಒಂದು ದಿನ ನವಲಿಗೆ ಹೋದೆ. ಹಿತ್ತಲ ಬಣವೆಯನ್ನು ದೂರದ ಹೊಲಕ್ಕೆ ಸಾಗಿಸಿದ್ದರು. ಕೋಣೆಯಲ್ಲಿ ಎರಡು ಮಂಚಗಳಿದ್ದವು. ಮುಂದಿನ ಸಲದ ಪರೀಕ್ಷೆಗೆಂದು ಅವಳು ಫೋನ್ ತೆಗೆದಳು. ಮಲಗಿದ್ದ ದಿನಗಳ ಕಾರ್ಡುಗಳೆಲ್ಲ ಸೇರಿ ಬೆಟ್ಟವಾಗಿದ್ದವು. ಜಿಗಣೆಯನ್ನು ಅಮಾನತು ಮಾಡುವ ನಿಯಮವನ್ನು ಮೊದಲು ತೆಗೆದುಹಾಕಿದಳು. ಆಮೇಲೆ ಒಂದೊಂದೇ ಕಾರ್ಡು. ಸ್ವಲ್ಪ ಹೊತ್ತಿಗೆ ಆ ಮಷಿನಿನ ಕಾರ್ಡು ಬಂತು.

ಫೋನ್ ಅವಳ ಹಳೆಯ ದನಿಯಲ್ಲಿ ಪ್ರಶ್ನೆ ಕೇಳಿತು. ಅವಳು ಗೊಗ್ಗರು ದನಿಯಲ್ಲಿ ಉತ್ತರ ಹೇಳಿದಳು, ಒಂದಕ್ಷರ ತಪ್ಪದೆ. ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ ತಾಯಿಯ ಕೈ ನಿಂತಿತು. ನಾಲ್ಕು ಗುಂಡಿಗಳು ಮೂಡಿದವು. ಅವಳ ಹೆಬ್ಬೆರಳು ‘ಸುಲಭ’ದ ಮೇಲೆ ಹೋಗಿ, ಹಿಂದೆ ಬಂದು, ‘ಮತ್ತೆ’ ಎಂಬುದನ್ನು ಒತ್ತಿತು.

“ಗೊತ್ತಿತ್ತಲ್ಲ ನಿನಗ?” ಎಂದೆ.

“ಗೊತ್ತೈತಿ,” ಎಂದಳು. “ನಾಳೀನೂ ಕೇಳಸ್ಲಿ ಅಂತ.”